ಕುದ್ರಿಗೆ ಮರಳುವ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ, ಕವ್ವಾಯಿ ಹಿನ್ನೀರಿಗೂ ಅರಬ್ಬೀ ಕಡಲಿಗೂ ನಡುವೆ ಉದ್ದಕ್ಕೆ ಮೈಚಾಚಿದ ಮರಳಿನ ಪಟ್ಟಿಯಂಥ ಕುದ್ರು, ಅಂದರೆ ನಡುಗಡ್ಡೆ, ವಲಿಯಪರಂಬ. ಕುಂಬಳೆಯಿಂದಲೋ ಬದಿಯಡ್ಕದಿಂದಲೋ ಹೋಗಿ, ವರ್ಷಗಟ್ಟಲೆ ಅಲ್ಲಿ ಕೂತು ಜಲವರ್ಣದಲ್ಲಿ ಬರೆದ ಚಿತ್ರಗಳನ್ನು ಕಲಾವಿದರು ಅಲ್ಲಿಗೇ ಮರಳಿ ಒಯ್ದು, ಮಾರಿದ ಹಣವನ್ನು ಅಲ್ಲಿಯವರ ಚಿಕಿತ್ಸೆಗೆ ಕೊಡುವುದೆಂದರೆ ಆ ನೆಲದ ಋಣಕ್ಕೆ ಒಂದಿಷ್ಟು ಸಂದಾಯ. ಆದರೆ ಅಲ್ಲಿಯ ಗಾಳಿಯಲ್ಲಿ ಉಪ್ಪಿದೆ, ಪಸೆ ಇದೆ. ಕಾಗದಕ್ಕೆ ಅವೆರಡೂ ಆಗವು.

ಮೊದಲು ಪ್ರದರ್ಶನದ ದಿನ ಗೊತ್ತುಮಾಡಿ. ಮಳೆಗಾಲ ಖಂಡಿತ ಬೇಡ; ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ.

ಹೆಚ್ಚು ಚಿತ್ರಗಳು ಕೆಡುವುದು ಫ್ರೇಮಿನ ಒಳಗೆ. ಚಿತ್ರದ ನಾಲ್ಕೂ ಅಂಚಿಗೆ ಟೇಪು ಬಿಗಿದರೆ, ಪಸೆ ಕುಡಿದು ಹಿಗ್ಗಿದ ಕಾಗದಕ್ಕೆ ಸರಿಯಲು ಜಾಗವಿಲ್ಲದೆ ನಡುವೆ ಅಲೆ ಏಳುತ್ತದೆ. ಮೇಲಂಚಿನಲ್ಲಿ ಎರಡೇ ಕಡೆ, ತೆಳು ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಿಂದ ಅಂಟಿಸಿ ಚಿತ್ರವನ್ನು ತೂಗಬಿಡಿ. ಸೆಲ್ಲೋಟೇಪು ಹಳದಿಯಾಗಿ ಕಲೆ ಬಿಡುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದಲ್ಲಿ ಬಣ್ಣ ಅದಕ್ಕೇ ಅಂಟೀತು. ಆಮ್ಲರಹಿತ ಮೌಂಟ್ ಬೋರ್ಡು, ಅಂದರೆ ಚಿತ್ರ ಕಾಣುವಂತೆ ಕಿಂಡಿ ಕೊರೆದ ದಪ್ಪ ರಟ್ಟು, ಎರಡರ ನಡುವೆ ಇರಲಿ.

ಇನ್ನು ದೋಣಿಯಲ್ಲಿ ಸಾಗಿಸುವ ಮಾತು. 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕಿಲೋ ತೂಗುತ್ತದೆ. 40 ಸೆಂ.ಮೀ.ಗೆ 50 ಸೆಂ.ಮೀ. ಅಳತೆಯ 30 ಫ್ರೇಮುಗಳಿಗೆ ಗಾಜೇ 30 ಕಿಲೋ. ಗಾಜಿನ ಬದಲು ಬಳಸುವ ಅಷ್ಟೇ ದಪ್ಪದ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಗೆ ಅದರ ಅರ್ಧದಷ್ಟೂ ತೂಕವಿಲ್ಲ. ಆದರೆ ಅದಕ್ಕೆ ಬೇಗ ಗೀರು ಬೀಳುತ್ತದೆ. ಇದ್ದಿಲು, ಪೇಸ್ಟೆಲ್ ಚಿತ್ರಗಳ ಪುಡಿಯನ್ನೂ ಎಳೆದುಕೊಳ್ಳುತ್ತದೆ. ಗಾಜೇ ಆದರೆ ಮೇಲೆ ಅಡ್ಡ, ಉದ್ದ, ಓರೆಯಾಗಿ ಮಾಸ್ಕಿಂಗ್ ಟೇಪು ಹಚ್ಚಿ. ಒಡೆದರೂ ಚೂರು ಚಿತ್ರವನ್ನು ಸೀಳದು. ಫ್ರೇಮುಗಳನ್ನು ಮಲಗಿಸಿ ಪೇರಿಸಬೇಡಿ, ಮುಖಕ್ಕೆ ಮುಖ ಮಾಡಿ ನಿಲ್ಲಿಸಿ, ನಡುವೆ ರಟ್ಟು ಕೊಡಿ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಚಿತ್ರ ಒರಗಿದರೆ ಹಿಂಬದಿಯಿಂದ ಪಸೆ ಏರುತ್ತದೆ. ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡಲು ಸಂದು ಸಿಗುತ್ತದೆ. ಕಬ್ಬಿಣದ ಕೊಕ್ಕೆಗೆ ತುಕ್ಕು ಬರುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರಲಿ.

ಹಣದ ಮಾತಿನಲ್ಲಿ ಮುಲಾಜು ಬೇಡ. ಫ್ರೇಮು, ದೋಣಿಯ ಖರ್ಚು ಕಳೆದು ಉಳಿದದ್ದು ದಾನವೋ, ಬಂದದ್ದೆಲ್ಲ ದಾನವೋ ಎಂಬುದನ್ನು ಬಾಗಿಲಲ್ಲೇ ಬರೆದು ಹಾಕಿ, ಕನ್ನಡದಲ್ಲೂ ಮಲಯಾಳದಲ್ಲೂ. ಚಿತ್ರ ಕೊಂಡವರು ಕೊಟ್ಟದ್ದು ಅದರ ಬೆಲೆ, ದೇಣಿಗೆಯಲ್ಲ. ತೆರಿಗೆ ವಿನಾಯಿತಿ ಸಿಗುತ್ತದೆಂದು ಅವರಿಗೆ ಹೇಳಬೇಡಿ. ನೇರ ದೇಣಿಗೆ ಕೊಡುವವರಿಗೂ 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಬ್ಯಾಂಕ್ ಮೂಲಕವೇ ಪಡೆದು ಅಂದೇ ರಸೀದಿ ಕೊಡಿ.

ದೊಡ್ಡ ಚಿತ್ರದ ಬೆಲೆ ದೋಣಿ ನಡೆಸುವವರ ಕೈಗೆ ಎಟುಕದು. ಅವರ ದೋಣಿಕಡವಿನ ಚಿತ್ರ ಅವರ ಮನೆಯಲ್ಲೂ ಇರಬೇಕಲ್ಲವೇ? ಅಂಚೆ ಕಾರ್ಡಿನ ಅಳತೆಯ ಮುದ್ರಿತ ಪ್ರತಿಗಳನ್ನು ಕಡಿಮೆ ಬೆಲೆಗೆ ಇಡಿ.

ಮಾರಾಟವಾಗದ ಚಿತ್ರಗಳನ್ನು ಮನೆಗೆ ತಂದೊಡನೆ ಫ್ರೇಮಿನ ಹಿಂಬದಿ ಬಿಚ್ಚಿ, ನೆರಳಿನಲ್ಲಿ, ಫ್ಯಾನಿನ ಮೆಲುಗಾಳಿಗೆ ಎರಡು ದಿನ ಆರಲು ಬಿಡಿ. ಬಿಸಿಲಿಗೆ ಮಾತ್ರ ಇಡಬೇಡಿ.

ನಮಸ್ಕಾರ.