ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಫೇಲಾ ಮಾರಾಯ್ರೇ?

ನಮಸ್ಕಾರ, ಮುಂಬೈಯ ಮಾಟುಂಗಾದಿಂದ. ಇವತ್ತು ಬೇರೆ ವಿಷಯ ಇತ್ತು, ಬದಿಗಿಟ್ಟೆ. ಹೋದ ವಿಡಿಯೋಕ್ಕೆ, ನಮ್ಮ ಬಾಸ್ಕೆಟ್‌ಬಾಲ್ ಆಟಗಾರ್ತಿಯ ಬಗ್ಗೆ ಒಬ್ಬರ ಕಮೆಂಟ್: "ಗೀತು ಅನ್ನಾ ಜೋಸ್ ಅಮೆರಿಕಕ್ಕೆ ಹೋಗಿ ಸೆಲೆಕ್ಟ್ ಆಗದೆ ವಾಪಸ್ ಬಂದ್ರು, ಅದೆಂತ ಕೆರಿಯರ್?" ಅದಕ್ಕೆ ಲೈಕ್ ಬೇರೆ!

ಅದೆಂತ ಕೆರಿಯರ್ ಅಂತ ಹೇಳ್ತೇನೆ, ಕೇಳಿ. ಕೊಟ್ಟಾಯಂ ಕಡೆಯವರು. ಸದರ್ನ್ ರೈಲ್ವೆಯಲ್ಲಿ ಕೆಲಸ, ಆಡಿದ್ದೂ ಅದರ ತಂಡಕ್ಕೇ. ಭಾರತ ತಂಡದ ಕ್ಯಾಪ್ಟನ್ ಆಗಿದ್ದವರು. 2006ರಿಂದ 2008ರವರೆಗೆ ಮೆಲ್ಬರ್ನ್‌ನ ರಿಂಗ್‌ವುಡ್ ಹಾಕ್ಸ್ ಕ್ಲಬ್‌ಗೆ ಆಡಿದ್ರು. ನಮ್ಮ ದೇಶದಿಂದ ಹೋಗಿ ಆಸ್ಟ್ರೇಲಿಯಾದ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಆಡಿದ ಮೊದಲ ಹೆಣ್ಣುಮಗಳು. 2014ರಲ್ಲಿ ಅರ್ಜುನ ಪ್ರಶಸ್ತಿ. ಇದು ಕೆರಿಯರ್ ಅಲ್ವಾ?

"ಆ ಕ್ಲಬ್ ಆಡಿದ್ದು ಅಲ್ಲಿಯ ವಿಕ್ಟೋರಿಯಾ ರಾಜ್ಯದ ಲೀಗಲ್ಲಿ, ಅದು ದೊಡ್ಡದಲ್ಲ" ಅಂತ ಇನ್ನೊಬ್ಬರು. ಹೌದಾ? ಹಾಗಾದ್ರೆ ಆಗ ನಮ್ಮಲ್ಲಿ ಹೆಂಗಸರಿಗೆ ಇದ್ದ ಪ್ರೊಫೆಷನಲ್ ಲೀಗಿನ ಹೆಸರು ಹೇಳಿ ನೋಡುವ. ಹೇಳಿ!

ಈಗ ಅಮೆರಿಕದ ವಿಷಯ. 2011ರ ಏಪ್ರಿಲ್. ಡಬ್ಲ್ಯೂಎನ್‌ಬಿಎ, ಅಂದ್ರೆ ಅಲ್ಲಿಯ ಹೆಂಗಸರ ಪ್ರೊಫೆಷನಲ್ ಲೀಗ್. ಅದರ ಮೂರು ತಂಡ ಟ್ರೈಔಟ್‌ಗೆ, ಅಂದ್ರೆ ಆಡಿಸಿ ನೋಡ್ಲಿಕ್ಕೆ, ಕರೆದದ್ದು: ಷಿಕಾಗೊ ಸ್ಕೈ, ಲಾಸ್ ಏಂಜಲೀಸ್ ಸ್ಪಾರ್ಕ್ಸ್, ಸ್ಯಾನ್ ಆಂಟೋನಿಯೊ ಸಿಲ್ವರ್ ಸ್ಟಾರ್ಸ್. ಇಡೀ ಲೀಗಲ್ಲಿ ಇದ್ದದ್ದೇ 12 ತಂಡ. ಜಗತ್ತಿನ ಅಷ್ಟೂ ಆಟಗಾರ್ತಿಯರ ಕಣ್ಣು ಅಲ್ಲಿಯ ಕೆಲವೇ ಜಾಗದ ಮೇಲೆ.

ಮತ್ತೆ ಗೀತು ಎತ್ತರ ಆರಡಿ ಎರಡಿಂಚು. ಇಲ್ಲಿ ಆ ಎತ್ತರ ಇದ್ದವರನ್ನು ಬಾಸ್ಕೆಟ್ ಕೆಳಗೇ ನಿಲ್ಲಿಸ್ತಾರೆ. ಬೆನ್ನು ರಿಂಗ್ ಕಡೆ, ಸೊಂಟದಲ್ಲಿ ಹಿಂದಿನವಳನ್ನು ತಡೆದು, ಮೇಲಿಂದ ಬಂದ ಪಾಸ್ ಹಿಡಿದು, ಗರಕ್ಕನೆ ತಿರುಗಿ ಬೋರ್ಡಿಗೆ ಹೊಡೆಯೋದು. ಅಲ್ಲಿ ಅದೇ ಎತ್ತರದವರು ಹೊರಗಿಂದ ಶೂಟ್ ಮಾಡ್ತಾರೆ, ಡ್ರಿಬಲ್ ಮಾಡ್ಕೊಂಡು ಒಳಗೆ ನುಗ್ತಾರೆ. ವರ್ಷಗಟ್ಟಲೆ ಕಲಿತ ಆಟವೇ ಬೇರೆ! ಅದನ್ನು ಕಲಿಸದೇ ಇದ್ದದ್ದು ನಾವು, ಫೇಲ್ ಅಂತ ಹಣೆಪಟ್ಟಿ ಅವರಿಗೆ.

ಪಂಜಾಬಿನ ಆಟಗಾರ ಸತ್ನಾಮ್ ಸಿಂಗ್‌ಗೂ ಇದೇ ಮಾತು. ಎನ್‌ಬಿಎ ಅಂದ್ರೆ ಅಮೆರಿಕದ ಗಂಡಸರ ಲೀಗ್, ಅದರ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸೋದೇ ಡ್ರಾಫ್ಟ್. 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮಾವೆರಿಕ್ಸ್ 52ನೇ ಆಯ್ಕೆಯಾಗಿ ತಗೊಂಡಿತು. "ಎನ್‌ಬಿಎಯಲ್ಲಿ ಒಂದು ಮ್ಯಾಚ್ ಆಡ್ಲಿಲ್ಲ, ಕುಸ್ತಿಗೆ ಹೋದ" ಅಂತ ನಗ್ತೀರಿ. ಅವನಿಗಿಂತ ಮೊದಲು ಡ್ರಾಫ್ಟ್‌ನಲ್ಲಿ ಯಾವ ಭಾರತೀಯನ ಹೆಸರು ಕರೆದಿದ್ರು? ಯಾರದ್ದೂ ಇಲ್ಲ!

ನಮ್ಮ ಮುಂಬೈಯ ನಾಗಪಾಡಾಕ್ಕೆ ಒಮ್ಮೆ ಸಂಜೆ ಹೋಗಿ ಬನ್ನಿ, ಮಸ್ತಾನ್ ವೈಎಂಸಿಎ ಕೋರ್ಟಿಗೆ. ಅಲ್ಲಿನ ಹುಡುಗರು ಚಂದ ಆಡ್ತಾರೆ. ಮುಂದೆಂತ ಅಂತ ಕೇಳಿದ್ರೆ ರೈಲ್ವೆ, ಬ್ಯಾಂಕ್, ಕಸ್ಟಮ್ಸ್. ಸ್ಪೋರ್ಟ್ಸ್ ಕೋಟಾ ನೌಕರಿ ಸಿಕ್ಕಿದ್ರೆ ಮನೆಯವರಿಗೆ ಸಮಾಧಾನ. 2019ರಲ್ಲಿ ಎನ್‌ಬಿಎ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಇಲ್ಲಿಯ ವರ್ಲಿಗೆ ಬಂದು ಆಡಿದಾಗ ಸೆಲ್ಫಿ ತೆಗೆದವರೆಲ್ಲ ಇದೇ ಹುಡುಗರ ಒಂದು ಮ್ಯಾಚ್ ನೋಡ್ಲಿಕ್ಕೆ ಬಂದದ್ದುಂಟಾ?

ಹೊರದೇಶಕ್ಕೆ ಹೋಗಿ, ಅಲ್ಲಿಯ ಜರ್ಸಿ ಹಾಕಿ ಆಡಿ ಬಂದವರು ಗೆದ್ದವರೇ. ಮತ್ತೆ ಹೇಳ್ತೇನೆ, ಗೆದ್ದವರೇ! ಒಪ್ಪದಿದ್ರೆ ಬಿಡಿ, ನಾನು ಮುಂದಿನ ವಾರವೂ ಇದನ್ನೇ ಹೇಳುವವನು.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಡೊಂಬಿವಿಲಿ, ಥಾಣೆಯ ನಮ್ಮವರ ಗ್ರೂಪಿಗೆಲ್ಲ ಕಳಿಸಿ. ಮನೆಯಲ್ಲಿ ಎತ್ತರದ ಹುಡುಗಿ ಇದ್ರೆ ಮೊದಲು ಅವಳಿಗೆ ತೋರಿಸಿ. ಬೈಲಿಕ್ಕಿದ್ರೆ ಕೆಳಗೆ ಬೈಯಿರಿ, ಒಬ್ಬೊಬ್ಬರಿಗೂ ಉತ್ತರ ಕೊಡ್ತೇನೆ.