ಕುದುರೆ ಮರಿಯ ಬೆಳವಣಿಗೆಗೆ ಒಂದು ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯಲ್ಲಿ ಕುದುರೆಗಳು ಎಲ್ಲಿ ಜಾಸ್ತಿ ಅಂತ ಯಾರಾದರೂ ಕೇಳಿದರೆ, ಹಳೇಬೀಡಿನ ಗುಡಿಯ ಗೋಡೆಯಲ್ಲಿ ಅಂತಲೇ ಹೇಳಬೇಕು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಜೀವಂತ ಕುದುರೆ ಸಾಕುವವರು ಕಡಿಮೆ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರು, ಎಸ್ಟೇಟಿನಲ್ಲಿ ಆಸೆಗೆ ಇಟ್ಟುಕೊಂಡವರು, ಹೀಗೆ. ಆದರೆ ಮನೆಯಲ್ಲಿ ಒಂದು ಮರಿ ಹುಟ್ಟಿತು ಅನ್ನಿ, ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇದು ಸರಿಯಾಗಿ ಬೆಳೀತಾ ಇದೆಯಾ?

ದಿನಾ ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಅಪರೂಪಕ್ಕೆ ಬರುವ ನೆಂಟರಿಗೇ ಗೊತ್ತಾಗುವುದು. ಕಣ್ಣನ್ನು ನಂಬಿದರೆ ಇನ್ನೊಂದು ತೊಂದರೆಯೂ ಇದೆ. ಜಂತುಹುಳು ಜಾಸ್ತಿಯಾದ ಮರಿಯ ಹೊಟ್ಟೆ ಡೊಳ್ಳಾಗುತ್ತದೆ. ‘ಚೆನ್ನಾಗಿ ತುಂಬಿಕೊಂಡಿದೆ’ ಅಂತ ಸಾಕಿದವರು ಖುಷಿಪಡುತ್ತಾರೆ. ಬೆನ್ನಮೂಳೆ, ಪಕ್ಕೆಲುಬು ಸವರಿ ನೋಡಿದರೆ ಬೇರೆಯದೇ ಕಥೆ. ಅದಕ್ಕೇ ಲೆಕ್ಕ ಬೇಕು ಅನ್ನುವುದು.

ಹೆಣ್ಣು ಕುದುರೆ ಸುಮಾರು ಹನ್ನೊಂದು ತಿಂಗಳು ಮರಿಯನ್ನು ಹೊರುತ್ತದೆ. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು. ಕಾಡಿನಲ್ಲಿದ್ದ ಕಾಲದಿಂದಲೂ ಓಡದಿದ್ದರೆ ಉಳಿಯುತ್ತಿರಲಿಲ್ಲ, ಅಲ್ವಾ? ಹಾಗಾಗಿ ಅದು ಮೊದಲು ಕಾಲನ್ನು ಬೆಳೆಸಿಕೊಂಡೇ ಬರುತ್ತದೆ. ಹುಟ್ಟುವಾಗ ತೂಕ ದೊಡ್ಡ ಕುದುರೆಯ ಹತ್ತರಲ್ಲಿ ಒಂದು ಪಾಲು ಮಾತ್ರ. ಎತ್ತರ ಮಾತ್ರ ಆಗಲೇ ಅರ್ಧಕ್ಕಿಂತ ಜಾಸ್ತಿ. ಆರು ತಿಂಗಳಿಗೆ ಹೆಗಲ ಎತ್ತರದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ಮುಗಿದಿರುತ್ತದೆ, ತೂಕ ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ. ಆ ವಯಸ್ಸಿನಲ್ಲಿ ಮರಿ ಬರೀ ಕಾಲೇ ಕಾಣುವುದು ರೋಗವಲ್ಲ.

ತೂಕ ಏರುವ ರೀತಿಗೆ ಒಂದು ಸೂತ್ರ ಇದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಹೊರತಂದ ಕುದುರೆ ಆಹಾರದ ಕೈಪಿಡಿಯಲ್ಲಿ ಅದನ್ನು ಕೊಟ್ಟಿದ್ದಾರೆ. ರೇಡಿಯೋದಲ್ಲಿ ಸೂತ್ರ ಓದಿದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ. ಅದರ ತಿರುಳು ಇಷ್ಟು: ಮರಿಗೆ ಇನ್ನೂ ಎಷ್ಟು ತೂಕ ಬರುವುದು ಬಾಕಿ ಇದೆಯೋ, ಪ್ರತಿ ಒಂಬತ್ತು ತಿಂಗಳಿಗೆ ಅದರಲ್ಲಿ ಅರ್ಧ ಬರುತ್ತದೆ.

ಪೂರ್ತಿ ಬೆಳೆದಾಗ 250 ಕೆಜಿ ತೂಗುವ ಕುದುರೆ ಅಂತ ಇಟ್ಟುಕೊಳ್ಳಿ. ಹುಟ್ಟಿದಾಗ 25 ಕೆಜಿ. ಬಾಕಿ 225. ಒಂಬತ್ತು ತಿಂಗಳಿಗೆ ಅದರ ಅರ್ಧ ಬಂದು ಸುಮಾರು 137 ಕೆಜಿ ಆಯಿತು. ಈಗ ಬಾಕಿ 113. ಒಂದೂವರೆ ವರ್ಷಕ್ಕೆ ಅದರಲ್ಲೂ ಅರ್ಧ ಸೇರಿ 193. ಎರಡೂಕಾಲು ವರ್ಷಕ್ಕೆ 220ರ ಆಸುಪಾಸು. ಮೊದಲ ಒಂಬತ್ತು ತಿಂಗಳಲ್ಲಿ 112 ಕೆಜಿ ಏರಿದ್ದು, ಮೂರನೇ ಒಂಬತ್ತು ತಿಂಗಳಲ್ಲಿ 28 ಮಾತ್ರ. ‘ಮೊದಲಿನ ಹಾಗೆ ಈಗ ಬೆಳೀತಾ ಇಲ್ಲ’ ಅಂತ ಎರಡನೇ ವರ್ಷದ ಮರಿಗೆ ಟಾನಿಕ್ ಕುಡಿಸುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. ನಮ್ಮ ಕಡೆಯ ಗಿಡ್ಡ ಕುದುರೆಗಳು ಇದಕ್ಕಿಂತ ಸ್ವಲ್ಪ ಬೇಗ ತುಂಬಿಕೊಳ್ಳುತ್ತವೆ, ಅದು ನೆನಪಿರಲಿ.

ಬೆಳವಣಿಗೆಯ ಸೂತ್ರಗಳು ಬೇರೆ ಬೇರೆ ಇವೆ. ಅವುಗಳಲ್ಲಿ ಹೆಸರಾದ ಒಂದನ್ನು 1825ರಲ್ಲಿ ಬೆಂಜಮಿನ್ ಗೊಂಪರ್ಟ್ಜ್ ಅನ್ನುವ ಇಂಗ್ಲೆಂಡಿನ ಗಣಿತಜ್ಞರು ಬರೆದರು. ಅವರು ಬರೆದದ್ದು ಬೆಳವಣಿಗೆಗಲ್ಲ, ಮನುಷ್ಯರ ಸಾವಿನ ಲೆಕ್ಕಕ್ಕೆ, ಜೀವ ವಿಮೆಯವರ ಉಪಯೋಗಕ್ಕೆ! ಆಮೇಲೆ ಬೇರೆಯವರು ಅದನ್ನು ಬೆಳವಣಿಗೆಗೂ ಬಳಸಿಕೊಂಡರು. ಅದರ ಪ್ರಕಾರ ಬೆಳವಣಿಗೆ ಮೊದಲು ನಿಧಾನ, ಆಮೇಲೆ ಜೋರು, ಕೊನೆಗೆ ಮತ್ತೆ ನಿಧಾನ. ಕುದುರೆಯಲ್ಲಿ ಮೊದಲಿನ ಭಾಗ ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಕಳೆದುಹೋಗಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ವೇಗ ತಗ್ಗುತ್ತಾ ಹೋಗುವ ಭಾಗ.

ಇಲ್ಲಿ ಒಂದು ಕಷ್ಟ ಇದೆ. ದೊಡ್ಡದಾದ ಮೇಲೆ ಎಷ್ಟು ತೂಗುತ್ತದೆ ಅಂತ ಗೊತ್ತಿದ್ದರೆ ತಾನೇ ಈ ಲೆಕ್ಕ? ಅದನ್ನು ಅಪ್ಪ ಅಮ್ಮನನ್ನು ನೋಡಿ ಅಂದಾಜು ಮಾಡಬೇಕು. ಇಬ್ಬರ ಸರಾಸರಿ ಹಿಡಿದರೆ ಆಯಿತು ಅಂತೀರಾ? ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನುವ ಇಬ್ಬರು ಇದನ್ನೇ ಪರೀಕ್ಷೆ ಮಾಡಿ 1938ರಲ್ಲಿ ಬರೆದರು. ಶೈರ್ ಅಂದರೆ ಭಾರೀ ಗಾತ್ರದ ಬಂಡಿ ಕುದುರೆ. ಶೆಟ್ಲೆಂಡ್ ಅಂದರೆ ಮಕ್ಕಳು ಹತ್ತುವ ಗಿಡ್ಡ ಕುದುರೆ. ಕೃತಕ ಗರ್ಭಧಾರಣೆಯಿಂದ ಎರಡೂ ಕಡೆಗೆ ಮಿಶ್ರ ತಳಿ ಮಾಡಿದರು. ಒಂದರಲ್ಲಿ ತಾಯಿ ಶೈರ್, ಇನ್ನೊಂದರಲ್ಲಿ ತಾಯಿ ಶೆಟ್ಲೆಂಡ್. ರಕ್ತ ಎರಡರಲ್ಲೂ ಅರ್ಧರ್ಧ. ಆದರೆ ಶೈರ್ ತಾಯಿಯ ಮರಿ, ಶೆಟ್ಲೆಂಡ್ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ದೊಡ್ಡದಾಗಿ ಹುಟ್ಟಿತು! ಗರ್ಭದಲ್ಲಿ ಎಷ್ಟು ಜಾಗ, ಎಷ್ಟು ಆಹಾರ ಸಿಕ್ಕಿತೋ ಅಷ್ಟೇ ಬೆಳೆದದ್ದು. ಆಮೇಲೆ ಅಂತರ ಕಡಿಮೆಯಾಗುತ್ತಾ ಬಂತು, ಪೂರ್ತಿ ಹೋಗಲಿಲ್ಲ. ದೊಡ್ಡ ಗಂಡು ಕುದುರೆ ತಂದು ಸಣ್ಣ ಹೆಣ್ಣಿಗೆ ಕಟ್ಟಿಸಿ ದೊಡ್ಡ ಮರಿ ಬರುತ್ತದೆ ಅಂತ ಕಾಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಅವರಿಗೆ ಅಷ್ಟು ಇಷ್ಟವಾಗುವುದಿಲ್ಲ.

ಇನ್ನು ತೂಗುವುದು ಹೇಗೆ? ಕುದುರೆ ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲ. ಟೈಲರ್ ಟೇಪು ಸಾಕು, ಉದ್ದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಮರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಹಗ್ಗ ಕಟ್ಟಿ ಎಳೆಯಬೇಡಿ. ಒಬ್ಬರು ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ತಬ್ಬಿ ಹಿಡಿದರೆ ಸುಮ್ನೆ ನಿಲ್ಲುತ್ತದೆ. ತಾಯಿ ಕಣ್ಣೆದುರು ಇರಲಿ. ಟೇಪು ಮುಂಗಾಲಿನ ಹಿಂದೆ ಹೋಗಿ, ಹೆಗಲಿನ ಉಬ್ಬಿನ ಹಿಂದೆ ಬರಬೇಕು. ಮರಿ ಉಸಿರು ಬಿಟ್ಟಾಗ ಅಳತೆ ಓದಿಕೊಳ್ಳಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯವರೆಗೆ ಉದ್ದ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ದೊಡ್ಡ ಕುದುರೆಯಾದರೆ 11,900ರಿಂದ ಭಾಗಿಸಿ. ಎಲ್ಲಾ ಸೆಂಟಿಮೀಟರಿನಲ್ಲಿ. ಸುತ್ತು 150, ಉದ್ದ 135 ಇದ್ದರೆ ತೂಕ ಸುಮಾರು 255 ಕೆಜಿ. ವರ್ಷದ ಮರಿಗೆ 10,900, ಹಾಲು ಬಿಟ್ಟ ಆರು ತಿಂಗಳ ಮರಿಗೆ 10,100ರಿಂದ ಭಾಗಿಸಿದರೆ ಹತ್ತಿರ ಬರುತ್ತದೆ. ಪ್ರತಿ ಸಲ ಒಬ್ಬರೇ ಅಳೆಯಿರಿ. ಕೈ ಬದಲಾದರೆ ಟೇಪಿನ ಬಿಗಿ ಬದಲಾಗುತ್ತದೆ, ಮರಿ ಇಳಿದುಹೋಯಿತು ಅಂತ ಸುಮ್ನೆ ಗಾಬರಿ.

ತಿಂಗಳಿಗೊಂದು ಅಳತೆಯನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸೇರಿಸಿ. ಹಾಲು ಬಿಡಿಸಿದಾಗ ಗೆರೆ ಸ್ವಲ್ಪ ಚಪ್ಪಟೆಯಾಗುತ್ತದೆ. ಹೆಚ್ಚಿನವರು ಹೆದರುವುದು ಇಲ್ಲಿ. ನನಗೆ ಹೆದರಿಕೆ ಅದರ ಮುಂದಿನದ್ದು. ‘ಸೊರಗಿದೆ’ ಅಂತ ಒಂದೇ ಸಲಕ್ಕೆ ಹುರುಳಿ, ತೌಡು, ಬೂಸಾ ಎಲ್ಲಾ ಜಾಸ್ತಿ ಮಾಡುತ್ತಾರೆ. ಗೆರೆ ಗೋಡೆಯ ಹಾಗೆ ನೆಟ್ಟಗೆ ಏರುತ್ತದೆ. ಮೈ ಬಂತು, ಮೂಳೆ ಹಿಂದೆ ಉಳಿಯಿತು. ಕೀಲು ಊದುತ್ತದೆ, ಕಾಲು ಸೊಟ್ಟಗಾಗುತ್ತದೆ. ತೌಡು, ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ತೀರಾ ಕಡಿಮೆ. ಅದನ್ನೇ ತಿಂದ ಕುದುರೆ ತನ್ನ ಮೂಳೆಯ ಸುಣ್ಣವನ್ನೇ ರಕ್ತಕ್ಕೆ ಕೊಡಬೇಕಾಗುತ್ತದೆ. ಜೋರಾದರೆ ಮುಖದ ಮೂಳೆ ಮೆತ್ತಗಾಗಿ ಊದಿಕೊಳ್ಳುತ್ತದೆ. ಹಾಲು ಬಿಡಿಸುವ ಮೊದಲೇ ಮರಿಗೆ ಕೈತಿಂಡಿ ಅಭ್ಯಾಸ ಮಾಡಿಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ. ಜೊತೆಗೆ ಕುದುರೆ ಮೆಂತೆ ಸೊಪ್ಪು ಸಿಕ್ಕರೆ ಒಳ್ಳೆಯದು, ಅದರಲ್ಲಿ ಸುಣ್ಣದ ಅಂಶ ಚೆನ್ನಾಗಿದೆ.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಕುಣಿಗಲ್ ಸಿಗುತ್ತದೆ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು. ರೇಸ್ ಕುದುರೆಗಳಲ್ಲಿ ಒಂದು ತಮಾಷೆ ಇದೆ. ಯಾವಾಗ ಹುಟ್ಟಿದರೂ ಜನವರಿ 1ಕ್ಕೆ ಎಲ್ಲಕ್ಕೂ ಒಂದು ವರ್ಷ ಏರುತ್ತದೆ. ಜನವರಿ ಮೊದಲಿಗೆ ಹುಟ್ಟಿದ್ದು, ಏಪ್ರಿಲ್ ಕೊನೆಗೆ ಹುಟ್ಟಿದ್ದು ಎರಡಕ್ಕೂ ಕಾಗದದಲ್ಲಿ ‘ಎರಡು ವರ್ಷ’. ನಮ್ಮ ಸೂತ್ರಕ್ಕೆ ಹಾಕಿದರೆ, 500 ಕೆಜಿ ತೂಗಬೇಕಾದ ಕುದುರೆಯಲ್ಲಿ ಅಷ್ಟಕ್ಕೇ ಸುಮಾರು 25 ಕೆಜಿ ವ್ಯತ್ಯಾಸ ಬರುತ್ತದೆ. ಮುಂಗಾಲ ಮಂಡಿಯ ಮೇಲಿನ ಎಳೆ ಮೂಳೆ ಗಟ್ಟಿಯಾಗುವುದೂ ಎರಡು, ಎರಡೂವರೆ ವರ್ಷಕ್ಕೆ. ಬೆನ್ನಿನದು ಇನ್ನೂ ತಡ. ಮದುವೆ ಸೀಸನ್ ಬಂತು ಅಂತ ಒಂದೂವರೆ ವರ್ಷದ ಮರಿಯ ಮೇಲೆ ಮದುಮಗನನ್ನು ಕೂರಿಸುವವರು ಇದನ್ನು ಕೇಳಿಸಿಕೊಂಡರೆ ಸಾಕು.

ಬರೆದಿಟ್ಟ ತೂಕದ ಇನ್ನೊಂದು ಉಪಯೋಗ ಹೇಳಿಬಿಡುತ್ತೇನೆ. ಜಂತುಹುಳುವಿನ ಔಷಧಿಯನ್ನು ತೂಕ ನೋಡಿಯೇ ಕೊಡಬೇಕು. ಐವರ್ಮೆಕ್ಟಿನ್ ಆದರೆ ಒಂದು ಕೆಜಿ ತೂಕಕ್ಕೆ 0.2 ಮಿಲಿಗ್ರಾಂ. ಕಣ್ಣಂದಾಜಿನಲ್ಲಿ ಕೊಟ್ಟು ಕಡಿಮೆ ಬಿದ್ದರೆ ಹುಳು ಪೂರ್ತಿ ಸಾಯುವುದಿಲ್ಲ, ಉಳಿದದ್ದು ಔಷಧಿಗೇ ಒಗ್ಗಿಕೊಳ್ಳುತ್ತದೆ. ಊರಿನ ಪಶುವೈದ್ಯರು ಬಂದಾಗ, ಇಲ್ಲವೇ ನೀವೇ ಮರಿಯನ್ನು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆತಂದಾಗ, ಆ ಗ್ರಾಫ್ ಹಾಳೆಯನ್ನೂ ಜೊತೆಗೆ ತನ್ನಿ. ಹುಟ್ಟಿದ ತಾರೀಕು, ತಾಯಿಯ ತೂಕ ಅದರ ಮೂಲೆಯಲ್ಲಿ ಬರೆದಿರಲಿ.

ನಮಸ್ಕಾರ.