ಬೂದಿದಿಬ್ಬದೊಳಗಿನ ಗೊರಸಿನ ಗುರುತು

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ ಜಿಲ್ಲೆಯ ಕುಡತಿನಿ ಬಳಿ ಒಂದು ಬೂದಿದಿಬ್ಬ ಇದೆ. ಹಂಪಿಯ ಪಕ್ಕದ ನಿಂಬಾಪುರದಲ್ಲೂ ಒಂದಿದೆ. ಅದು ವಾಲಿಯ ಚಿತೆಯ ಬೂದಿ ಎನ್ನುತ್ತಾರೆ ಅಲ್ಲಿನ ಜನ. ರಾಯಚೂರು, ಯಾದಗಿರಿ ಸೀಮೆಯಲ್ಲೂ ಇಂಥ ದಿಬ್ಬಗಳು ಹಲವು. ಕೆಲವು ಕಡೆ ಬೂದಿ ಎಷ್ಟು ಕಾವು ಕಂಡಿದೆಯೆಂದರೆ, ಕರಗಿ ಕಿಟ್ಟದಂತೆ ಗಟ್ಟಿಯಾಗಿಬಿಟ್ಟಿದೆ. ಇದು ದನದ ಸಗಣಿ ಸುಟ್ಟ ಬೂದಿ ಎಂದು 19ನೇ ಶತಮಾನದಲ್ಲೇ ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಅದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1957ರಲ್ಲಿ. ಇಂದಿನ ತೆಲಂಗಾಣದಲ್ಲಿರುವ ಉತನೂರಿನ ದಿಬ್ಬವನ್ನು ಆಲ್ಚಿನ್ ಎಂಬ ವಿದ್ವಾಂಸರು ಪದರ ಪದರವಾಗಿ ಬಿಡಿಸಿದರು. ಬೂದಿಯ ನಡುವೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು! ಸುತ್ತ ಮರದ ಗೂಟ ನೆಟ್ಟ ಕುಳಿಗಳ ಸಾಲು. ಅಂದರೆ ಅದು ದನದ ದೊಡ್ಡಿ. ಸಗಣಿ ಕೂಡಿದಂತೆ ಬೆಂಕಿ ಇಟ್ಟರು, ಆರಿದ ಮೇಲೆ ಅಲ್ಲೇ ಮತ್ತೆ ದನ ಕೂಡಿದರು. ಯಾಕೆ ಸುಟ್ಟರು ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದ ನನಗೆ, ಅದೊಂದು ಹಬ್ಬವೇ ಆಗಿತ್ತು ಎಂಬ ವಾದ ಹೆಚ್ಚು ಹಿಡಿಸುತ್ತದೆ.

ಈ ದಿಬ್ಬಗಳನ್ನು ಬಿಟ್ಟುಹೋದವರು ನವಶಿಲಾಯುಗದ ಜನ, ಅಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಉಪಕರಣ ಬಳಸುತ್ತಿದ್ದ ಕಾಲದವರು. ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ನಮ್ಮ ಬಯಲುಸೀಮೆಯ ಗುಡ್ಡಗಳ ಮೇಲೂ ಬುಡದಲ್ಲೂ ಬಾಳಿದವರು. ಇವರಲ್ಲಿ ಶಾಸನ ಬರೆಸಿದವರಿಲ್ಲ, ಅರಮನೆ ಕಟ್ಟಿಸಿದವರೂ ಇಲ್ಲ. ಆದರೂ ಇವರು ಏನು ಉಣ್ಣುತ್ತಿದ್ದರು ಎಂಬುದು ನಮಗೆ ಗೊತ್ತು. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡಿದರೆ ಮಣ್ಣು ತಳ ಸೇರುತ್ತದೆ, ಒಲೆಯಲ್ಲಿ ಸೀದು ಕರಿಕಾದ ಕಾಳು ಮೇಲೆ ತೇಲುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಮಣ್ಣಿನಲ್ಲಿ ಹೀಗೆ ಸಿಕ್ಕಿದ್ದು ಹುರಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ. ಆಫ್ರಿಕಾ ಮೂಲದ ರಾಗಿ, ಜೋಳ ನಮ್ಮ ಮುಖ್ಯ ಊಟವಾದದ್ದು ಆಮೇಲೆ. ಹುರಳಿಯಂತೂ ಅಂದಿನಿಂದ ಇಂದಿನವರೆಗೆ ಈ ನೆಲ ಬಿಟ್ಟು ಹೋಗಿಲ್ಲ.

ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ಮಾಡುತ್ತಿದ್ದರು. ಒಡೆದ ಚಕ್ಕೆಗಳು ಇಂದಿಗೂ ಅಲ್ಲಿ ಹಾಸಿಕೊಂಡು ಬಿದ್ದಿವೆ. ಕೊಡಲಿಯ ಬಾಯಿ ಉಜ್ಜಿ ಉಜ್ಜಿ ಬಂಡೆಗಳಲ್ಲಿ ಗುಳಿ ಬಿದ್ದಿವೆ. ಗುಳಿಯ ಒಳಮೈ ಕೈಗೆ ನುಣ್ಣಗೆ ಹತ್ತುತ್ತದೆ. ಎಷ್ಟು ಮಂದಿ, ಎಷ್ಟು ತಲೆಮಾರು ಅಲ್ಲಿ ಕೂತು ಉಜ್ಜಿರಬೇಕು!

ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನ ದೊಡ್ಡಿಯನ್ನಷ್ಟೇ ಅಲ್ಲ, ಊರನ್ನೇ ತೋರಿಸಿತು. ಮನೆಗಳ ನೆಲ, ಕಲ್ಲಿನ ಉಪಕರಣ ಮಾಡಿದ ಜಾಗ, ದನದ ಮಾಂಸ ಕಡಿದ ಕಣ ಎಲ್ಲವೂ ಅಲ್ಲಿದ್ದವು. ಮನೆಗಳ ನಡುವೆಯೇ ಮಡಕೆಗಳಲ್ಲಿಟ್ಟು ಹೂತ ಮಕ್ಕಳ ಎಲುಬುಗಳೂ ಸಿಕ್ಕವು. ಆ ಕೂಸುಗಳನ್ನು ಊರಾಚೆಗೆ ಒಯ್ಯಲು ಅವರಿಗೆ ಮನಸ್ಸು ಬಂದಿರಲಾರದು ಎಂದೇ ನನಗೆ ತೋರುತ್ತದೆ.

ಇಂಥ ದಿಬ್ಬಗಳನ್ನು ಜನ ಗೊಬ್ಬರಕ್ಕೆಂದು ಗಾಡಿಗಟ್ಟಲೆ ಸಾಗಿಸಿದ್ದಾರೆ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ಕಲ್ಲು ಗಣಿಗಾರಿಕೆ ಕೊರೆದಿದೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಬೂದಿಯ ಪದರ ಒಮ್ಮೆ ಕಲಸಿಹೋದರೆ ಯಾವ ವಿದ್ವಾಂಸನೂ ಅದನ್ನು ಮತ್ತೆ ಓದಲಾರ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ. ಮೇಷ್ಟ್ರುಗಳು ಹಂಪಿ ಪ್ರವಾಸಕ್ಕೆ ಮಕ್ಕಳನ್ನು ಕರೆತಂದಾಗ ಅಲ್ಲಿಗೂ ಕರೆದೊಯ್ಯಲಿ. ನಿಮ್ಮ ಹೊಲದ ಬದುವಿನಲ್ಲಿ ಅಂಥ ಬೂದಿದಿಬ್ಬ ಇದ್ದರೆ, ಗುದ್ದಲಿ ಹಾಕುವ ಮೊದಲು ಪುರಾತತ್ವ ಇಲಾಖೆಯವರಿಗೆ ಒಂದು ಮಾತು ತಿಳಿಸಿ.

ನಮಸ್ಕಾರ.